ಅತ್ತೆ ನೋಡದ ಕೊನೆಯ ರೀಲು

"ಸಾಯ್ತಾಳ? ಯಾವಾಗ?" ಎಂದು ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ರವಿವಾರ ಸಂಜೆ, ವಿದ್ಯಾನಗರದ ನಮ್ಮ ಮನೆಯಲ್ಲಿ ಸಿನಿಮಾ ಚರ್ಚೆ ನಡೆದಿತ್ತು. ಹೊಸ ಚಿತ್ರವೊಂದನ್ನು ನೋಡಿ ಕಣ್ಣೊರೆಸಿಕೊಂಡು ಬಂದಿದ್ದ ನಾನು ಅದನ್ನು ಹೊಗಳುತ್ತಿದ್ದೆ. ಅತ್ತೆ ಸುತಾರಾಂ ಒಪ್ಪಲಿಲ್ಲ. ಈಗಿನವರಿಗೆ ಅಳಿಸುವುದೊಂದೇ ಗೊತ್ತು, ತಮ್ಮ ಕಾಲದಲ್ಲಿ ಎಲ್ಲ ಸಿನಿಮಾಗಳೂ ಸುಖವಾಗಿ ಮುಗಿಯುತ್ತಿದ್ದವು ಎನ್ನುತ್ತ ತಮ್ಮ ಅಚ್ಚುಮೆಚ್ಚಿನ ಚಿತ್ರವನ್ನು ಹೆಸರಿಸಿದರು. ಅದನ್ನು ನಾನು ಟಿವಿಯಲ್ಲಿ ನೋಡಿದ್ದೆ. ವಾದ ಗೆಲ್ಲುವ ಹುರುಪಿನಲ್ಲಿ, ಅದರ ನಾಯಕಿಯೂ ಕೊನೆಗೆ ಸಾಯುತ್ತಾಳೆ ಎಂದುಬಿಟ್ಟೆ.

ಆಗಲೇ ಅತ್ತೆ ಕಪ್ಪು ಕೆಳಗಿಟ್ಟು ಹಾಗೆ ಕೇಳಿದ್ದು. ಆಮೇಲೆ ಮೆಲ್ಲಗೆ ಹೇಳಿದರು: "ಆಗ ರಾಯಾಪುರದಾಗ ಇದ್ವಿ. ದೀಪಾ ಹಚ್ಚೂದ್ರಾಗ ಸೊಸ್ತ್ಯಾರು ಮನ್ಯಾಗ ಇರಬೇಕಿತ್ತವಾ. ಪ್ಯಾಟ್ಯಾಗ ಮ್ಯಾಟಿನಿ ಮುಗಿಯೂತನಾ ಕುಂತ್ರ ಊರಿನ ಬಸ್ಸು ತಪ್ಪತಿತ್ತು. ಉಳದಿದ್ದ ಕಥಿ ನಾವಿಬ್ರು ಸೊಸ್ತ್ಯಾರು, ನಾನೂ ನೆಗೆಣ್ಣಿನೂ, ಬಸ್ಸಿನ್ಯಾಗ ಕುಂತು ನಮಗ ಬೇಕಾದ್ಹಂಗ ಮುಗಸ್ತಿದ್ವಿ. ನಾವು ಎದ್ದು ಬರೂವಾಗ ಆ ಪಿಚ್ಚರಿನ್ಯಾಗ ಅಕಿ ನಕ್ಕೋತ ರಂಗೋಲಿ ಹಾಕಾಕತ್ತಿದ್ಲು."

ಹೇಳಬಾರದಿತ್ತು ಅನ್ನಿಸಿತು. ಆದರೆ ಬಾಯಿಂದ ಬಂದ ಮಾತನ್ನು ಹೇಗೆ ವಾಪಸು ತೆಗೆದುಕೊಳ್ಳಲಿ?

ಮೊನ್ನೆ ಮಧ್ಯಾಹ್ನ ಅದೇ ಸಿನಿಮಾ ಟಿವಿಯಲ್ಲಿ ಬಂತು. ಇಬ್ಬರೂ ಕೂತು ನೋಡಿದೆವು. ನಾಯಕಿ ರಂಗೋಲಿಗೆ ಕೂರುತ್ತಿದ್ದಂತೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. "ಏಳವಾ, ಬಸ್ಸಿಗೆ ಹೊತ್ತಾತು" ಎಂದರು. ನಾನು ಟಿವಿ ಆರಿಸಿ ಅವರ ಹಿಂದೆಯೇ ಎದ್ದೆ.