ಕರೆಂಟು ಹೋದ ಮೇಲಿನ ಸಿನಿಮಾ

ನಮ್ಮ ಮನೆಯಲ್ಲಿ ‘ನೋಡೂಣು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಬಬಲೇಶ್ವರದ ಅಜ್ಜನ ಮನೆಗೆ ಹೋದರೆ, ಮಧ್ಯಾಹ್ನ ಊಟವಾದ ಮೇಲೆ ಯಾರಾದರೂ ‘ಪಿಚ್ಚರ್ ನೋಡೂಣು’ ಎನ್ನುತ್ತಿದ್ದರು. ಸಿಡಿಗಳ ಚೀಲ ಗೂಟದಿಂದ ಇಳಿಯುತ್ತಿತ್ತು. ಎರಡನೆಯ ಅರ್ಥ ನನಗೆ ತಿಳಿದದ್ದು ಈ ಬೇಸಿಗೆಯಲ್ಲಿ. ಎಂ.ಎ. ಮುಗಿಸಿ ವಿಜಯಪುರದ ಮನೆಯಲ್ಲಿದ್ದ ನನಗೆ ಮೈಸೂರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಬರುವ ಸೋಮವಾರ ಮೂಲ ಅಂಕಪಟ್ಟಿಗಳೊಂದಿಗೆ ಹಾಜರಾಗಬೇಕು, ತಪ್ಪಿದರೆ ಸೀಟು ಬೇರೆಯವರಿಗೆ. ಅಂಕಪಟ್ಟಿಗಳು ತಿಜೂರಿಯಲ್ಲಿದ್ದವು, ಕೀಲಿ ಅಪ್ಪನ ಹತ್ತಿರ ಇತ್ತು. ಕೇಳಿದಾಗಲೆಲ್ಲ ಅವರು ‘ನೋಡೂಣು’ ಎಂದರು. ಸಿಟ್ಟು ಮಾಡಲಿಲ್ಲ, ಬೇಡವೆನ್ನಲಿಲ್ಲ. ಊಟಕ್ಕೆ ಕೂತಾಗ ನನ್ನ ತಾಟಿಗೆ ತಾವೇ ಮೊಸರು ಹಾಕಿದರು.

“ನಾಕು ದಿನ ಅತ್ತಿ ಮನ್ಯಾಗ ಇದ್ದು ಬಾ, ಮನಸಿಗಿ ಹಗುರ ಆಗತೈತಿ” ಎಂದು ಅವ್ವ ನನ್ನನ್ನು ತಿಕೋಟಾ ಬಸ್ಸು ಹತ್ತಿಸಿದಳು. ಸೋಮವಾರ ದಾಟುವ ತನಕ ನಾನು ಅಪ್ಪನ ಕಣ್ಣೆದುರು ಇರದಿದ್ದರೆ ಎಲ್ಲರಿಗೂ ಅನುಕೂಲವೆಂದು ನನಗೆ ಗೊತ್ತಿತ್ತು.

ಅತ್ತೆ ಎಂದರೆ ಅಪ್ಪನ ತಂಗಿ. ತಿಕೋಟಾದ ಅವಳ ಮನೆಯಲ್ಲಿ ನನಗೆ ಸಿಕ್ಕ ಕೋಣೆ ಒಣದ್ರಾಕ್ಷಿಯ ಪೆಟ್ಟಿಗೆಗಳದ್ದು. ಮಾವ ದರ ಏರಲಿ ಎಂದು ತಡೆದಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳು ಕಿಟಕಿಯ ಅರ್ಧದವರೆಗೆ ಬೆಳೆದಿದ್ದವು. ಬಿಸಿಲಿಗೆ ಬಾಗಿಲು ಮುಚ್ಚಿದರೆ ಒಳಗೆಲ್ಲ ಹುಳಿ ಬೆರೆತ ಸಿಹಿ ವಾಸನೆ. ಹೊರಗೆ ಹೋಗಬೇಕೆಂದರೆ ಏನಾದರೂ ಕೆಲಸವಿರಬೇಕು, ನನಗೆ ಕೆಲಸವಿರಲಿಲ್ಲ. ಅತ್ತೆಯ ಮಗಳಿಗೆ ಹತ್ತು ವರ್ಷ, ಅವಳಿಗೂ ರಜೆ. ನಾನು ಅವಳ ವಯಸ್ಸಿನಲ್ಲಿ ನೋಡಿದ ಸಿನಿಮಾಗಳನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಪೆಟ್ಟಿಗೆಗೆ ಫೋನು ಆನಿಸಿ ಇಬ್ಬರೂ ನೆಲದ ಮೇಲೆ ಬೋರಲು ಮಲಗಿ ನೋಡುತ್ತಿದ್ದೆವು.

ಆನೆಮರಿಯ ಸಿನಿಮಾ ಇಷ್ಟು ವರ್ಷಗಳ ಮೇಲೂ ಚೆನ್ನಾಗಿಯೇ ಉಳಿದಿತ್ತು. ಸರ್ಕಸ್ಸಿನಿಂದ ತಪ್ಪಿಸಿಕೊಂಡ ಮರಿಯನ್ನು ಹುಡುಗನೊಬ್ಬ ಹುಲ್ಲಿನ ಬಣವೆಯಲ್ಲಿ ಬಚ್ಚಿಡುತ್ತಾನೆ. ದೊಡ್ಡವರೆಲ್ಲ ಅತಿಯಾಗಿ ನಟಿಸಿದ್ದರು. ಆನೆ ನಟಿಸದೆ ಇದ್ದುದರಿಂದ ಸಿನಿಮಾ ಬದುಕಿಕೊಂಡಿತ್ತು. ಮೀಸೆಯ ಕಳ್ಳ ಸಗಣಿ ತಿಪ್ಪೆಗೆ ಬಿದ್ದಾಗ, ನಾನು ಹಿಂದೆ ನಕ್ಕ ಜಾಗದಲ್ಲಿಯೇ ಅತ್ತೆಯ ಮಗಳೂ ನಕ್ಕಳು.

ಎರಡನೆಯದು ಹಾಗೆ ಉಳಿದಿರಲಿಲ್ಲ. ಅದರಲ್ಲಿ ಒಳ್ಳೆಯ ಹುಡುಗನೊಬ್ಬ ಜ್ವರ ಬಂದು ಸಾಯುತ್ತಾನೆ, ಜಗಳವಾಡುತ್ತಿದ್ದ ತಂದೆ ತಾಯಿ ಅವನ ಹಾಸಿಗೆಯ ಪಕ್ಕ ಒಂದಾಗುತ್ತಾರೆ. ನಾನು ಅದಕ್ಕೆ ಪ್ರತಿ ಬೇಸಿಗೆ ಅತ್ತಿದ್ದೆ. ಈಗ ಪಕ್ಕದಲ್ಲಿದ್ದವಳು, “ಅಕ್ಕಾ, ಇಷ್ಟೊತ್ತು ಹಾಡ್ಯಾರಲ್ಲ, ಅಷ್ಟರಾಗ ದವಾಖಾನಿಗಿ ಒಯ್ಯಾಕ ಬರತಿರಲಿಲ್ಲೇನು?” ಎಂದು ಕೇಳಿದಳು.

ಮೂರನೆಯದನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಅದು ನನ್ನ ಅತಿ ಪ್ರೀತಿಯ ಸಿನಿಮಾ. ಹಳ್ಳಿಯ ಹುಡುಗಿಗೆ ಓದುವ ಆಸೆ. ಶಾಲೆ ಬಿಡಿಸಿ ಕುರಿ ಕಾಯಲು ಹಾಕುತ್ತಾರೆ. ಒಂದು ದಿನ ಅವಳು ಒಂದು ಮರಿಯನ್ನು ಎತ್ತಿಕೊಂಡು ಕಬ್ಬಿನ ಲಾರಿ ಹತ್ತಿ ಕೂಡುತ್ತಾಳೆ. ಲಾರಿ ಹೊರಡುತ್ತದೆ, ಗಾಳಿಗೆ ಅವಳ ಜಡೆ ಬಿಚ್ಚುತ್ತದೆ. ಬಬಲೇಶ್ವರದಲ್ಲಿ ನೋಡುವಾಗಲೆಲ್ಲ ಸರಿಯಾಗಿ ಇಲ್ಲಿಗೆ ಕರೆಂಟು ಹೋಗುತ್ತಿತ್ತು. ಆಗ ಅತ್ತೆಗೆ ಮದುವೆಯಾಗಿರಲಿಲ್ಲ, ನಮ್ಮೊಂದಿಗೇ ಕೂತು ನೋಡುತ್ತಿದ್ದಳು. ಹಾಲು ಉಕ್ಕೀತು ಎಂದು ಎದ್ದುಹೋದವಳು ಪಡಸಾಲೆಯಿಂದಲೇ “ಕರೆಂಟ್ ಹೋತು, ಏಳ್ರಿ ಏಳ್ರಿ” ಎಂದು ಕೂಗುತ್ತಿದ್ದಳು. ಮುಂದೇನಾಯಿತು ಎಂದು ಕೇಳಿದರೆ, “ಮುಂದೇನೈತಿ? ಆಕಿ ಹೋದಳು. ಅಷ್ಟ” ಎನ್ನುತ್ತಿದ್ದಳು. ನಮ್ಮ ಕಡೆ ಕರೆಂಟು ಹೋಗುವುದು ಯಾರಿಗೂ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ನಾವು ಮಕ್ಕಳು ಆ ಸೆಕೆಯಲ್ಲಿ ಕೂತು ಲಾರಿಯನ್ನು ಸೊಲ್ಲಾಪುರ ದಾಟಿಸಿ, ಮುಂಬೈಗೆ ಒಯ್ದು, ಹುಡುಗಿಯನ್ನು ಸಮುದ್ರದ ದಂಡೆಯಲ್ಲಿ ಇಳಿಸುತ್ತಿದ್ದೆವು. ಒಮ್ಮೆ ಅವಳನ್ನು ಡಾಕ್ಟರು ಮಾಡಿದೆವು, ಒಮ್ಮೆ ವಿಮಾನ ನಡೆಸುವವಳನ್ನಾಗಿ.

ತಿಕೋಟಾದಲ್ಲಿ ಫೋನಿಗೆ ಚಾರ್ಜು ಇತ್ತು. ಸಿನಿಮಾ ನಿಲ್ಲಲಿಲ್ಲ.

ಲಾರಿ ಪಟ್ಟಣ ತಲುಪುತ್ತದೆ. ಅಲ್ಲಿ ಅವಳಿಗೆ ಹಸಿವು, ಭಯ. ಮರಿ ಕಳೆದುಹೋಗುತ್ತದೆ. ಪೊಲೀಸ್ ಠಾಣೆಯ ಬೆಂಚಿನ ಮೇಲೆ ರಾತ್ರಿ ಕಳೆದ ಮೇಲೆ ಅಪ್ಪ ಬರುತ್ತಾನೆ. ಹುಡುಗಿ ಓಡಿಹೋಗಿ ಅವನ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತಾಳೆ. ಊರವರು ಹಲಗೆ ಬಾರಿಸಿ ಎದುರುಗೊಳ್ಳುತ್ತಾರೆ. ಕೊನೆಯ ದೃಶ್ಯದಲ್ಲಿ ಅವಳು ಒಲೆಯ ಮುಂದೆ ತಾಯಿಯ ಪಕ್ಕ ಕೂತು, ಜಡೆ ಬಿಗಿಯಾಗಿ ಹೆಣೆದುಕೊಂಡು, ರೊಟ್ಟಿ ಬಡಿಯುತ್ತ ಹಾಡುತ್ತಾಳೆ. ಎಲ್ಲರೂ ನಗುತ್ತಾರೆ.

“ಚಲೋ ಐತಿ,” ಎಂದಳು ಅತ್ತೆಯ ಮಗಳು. “ಆದ್ರ ಆ ಕುರಿಮರಿ ಸಿಗಲೇ ಇಲ್ಲ.”

ನಾನು ಎದ್ದು ಅತ್ತೆಯ ಹತ್ತಿರ ಹೋದೆ. ಅವಳು ಹೊರಗಿನ ಕೋಣೆಯಲ್ಲಿ ಮಶೀನಿನ ಮುಂದೆ ಕೂತು ಸೀರೆಯ ಮೇಲಿನ ಜಂಪರ್ ಹೊಲಿಯುತ್ತಿದ್ದಳು. ಆ ಸಿನಿಮಾಕ್ಕೆ ಮುಂದೆ ಇಷ್ಟೊಂದು ಇದೆಯೆಂದು ಗೊತ್ತಿತ್ತೇ ಎಂದು ಕೇಳಿದೆ.

ಅವಳು ತಲೆ ಎತ್ತಲಿಲ್ಲ. “ಗೊತ್ತಿರಲಾರದ ಫ್ಯೂಜ್ ಕೀಳತಿದ್ದೆನೇನು?”

“ಅಂದ್ರ ಕರೆಂಟ್ ಹೋಗತಿರಲಿಲ್ಲ?”

“ಎಂ.ಎ. ಮಾಡೀದಿ ನೀ. ಬಾಜೂ ಗಿರಣಿ ಗರಗರ ಓಡತಿತ್ತು, ಅದೂ ಕೇಳಲಿಲ್ಲೇನು ನಿಮಗ?” ಎಂದು ನಕ್ಕಳು.

ನಿಜ. ಪಕ್ಕದ ಹಿಟ್ಟಿನ ಗಿರಣಿ ಆ ಮಧ್ಯಾಹ್ನಗಳಲ್ಲಿ ಒಮ್ಮೆಯೂ ನಿಂತದ್ದು ನೆನಪಿಲ್ಲ.

ಮಶೀನು ನಿಲ್ಲಿಸಿ ಅವಳು ಹೇಳಿದಳು. ಅವಳಿಗೆ ಮಿರಜಿನಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಹಟ ಮಾಡಿ ಹೋಗಿದ್ದಳು. ಒಂದು ವಾರವೂ ಆಗಿರಲಿಲ್ಲ, ಅಜ್ಜ ಹಾಸ್ಟೆಲ್ ಬಾಗಿಲಿಗೆ ಬಂದು ನಿಂತ. “ನಿಮ್ಮವ್ವಗ ಆರಾಮಿಲ್ಲ, ನಡಿ ಅಂದ. ದಾರಿತುಂಬ ಅತಗೋಂತ ಬಂದೆ. ಮನಿಗಿ ಬಂದು ನೋಡತೀನಿ, ಅವ್ವ ಕಟ್ಟಿ ಮ್ಯಾಲ ಕುಂತು ಶೇಂಗಾ ಒಡ್ಯಾಕತ್ತಾಳ!” ಮರುಬೇಸಿಗೆ ಅಜ್ಜನೇ ಸಂತೆಯಿಂದ ಆ ಸಿಡಿ ತಂದನಂತೆ. ಕೊನೆಯಲ್ಲಿ ತಂದೆ ಬರುವ ದೃಶ್ಯಕ್ಕೆ ಅವನು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಎಲ್ಲರ ಎದುರಿಗೆ ಅತ್ತೆಯ ಕಡೆ ಕೈ ಮಾಡಿ, “ಮಗಳಂದ್ರ ಹಿಂಗಿರಬೇಕು ನೋಡಬೇ” ಎನ್ನುತ್ತಿದ್ದ. “ನೀವು ಹುಡುಗ್ರು ರಜಾಕ್ಕ ಬರೂ ಮೊದಲ ಒಮ್ಮೆ ಕೇಳಿದೆ, ಎರಡ ಸಲ ಕೇಳಿದೆ. ಮುಂದ ಫ್ಯೂಜ್ ಕಿತ್ತೆ.”

“ಅಜ್ಜಗ ಗೊತ್ತಾಗಲಿಲ್ಲೇನು?”

“ಆಗಿರಬೇಕು. ಅಂವಾ ಏನೂ ಅನಲಿಲ್ಲ. ನಾನೂ ಅನಲಿಲ್ಲ.” ಅವಳು ಸೂಜಿಗೆ ದಾರ ಪೋಣಿಸಿದಳು. “ನಿಮ್ಮಪ್ಪ ಏನಂತಾನ?”

“ನೋಡೂಣು ಅಂತಾರ.”

“ಹಾಂ. ನಮ್ಮಪ್ಪನೂ ಮೊದಲ ಅದನ್ನೇ ಅಂದಿದ್ದ.”

ಕೋಣೆಗೆ ಮರಳಿ ಪೆಟ್ಟಿಗೆಗಳ ನಡುವೆ ಕೂತೆ. ನಾನು ಪ್ರೀತಿಸಿದ ಸಿನಿಮಾ ಇರಲೇ ಇಲ್ಲ. ಅದನ್ನು ಅರ್ಧ ಅತ್ತೆ ಮಾಡಿದ್ದಳು, ಅರ್ಧ ನಾವು ಮಕ್ಕಳು. ನಿಜವಾದದ್ದು ಹುಡುಗಿಯರನ್ನು ಮನೆಗೆ ಕರೆತರಲೆಂದು ತೆಗೆದದ್ದು, ಆ ಕೆಲಸವನ್ನು ಈಗಲೂ ಅಚ್ಚುಕಟ್ಟಾಗಿ ಮಾಡುತ್ತದೆ. ಅದನ್ನು ಹಳತಾಗಿದೆ ಎಂದು ತಳ್ಳಿಹಾಕಲು ನನಗೆ ಆಗಲಿಲ್ಲ. ತಂದೆಯ ಪಾತ್ರದವನ ಮುಖ ಒಳ್ಳೆಯದಿತ್ತು. ಅವನು ಠಾಣೆಯ ಬಾಗಿಲಲ್ಲಿ ನಿಂತಾಗ ನನ್ನ ಕಣ್ಣುಗಳೂ ತುಂಬಿದ್ದವು, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಭಾನುವಾರ ಮಧ್ಯಾಹ್ನ ಅಪ್ಪ ಬೈಕಿನ ಮೇಲೆ ನನ್ನನ್ನು ಕರೆದೊಯ್ಯಲು ಬಂದರು. ನೀರು ಕುಡಿದು ತಂಬಿಗೆ ಕೆಳಗಿಡುವಾಗ ಅತ್ತೆ ಎದುರಿಗೆ ನಿಂತು, “ಅಣ್ಣಾ, ಆಕಿಗಿ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ನಡುವ ನಿಂದ್ರಸಬ್ಯಾಡ” ಎಂದಳು.

“ತಿಕೋಟಾ ನೀರು ನಿನಗ ಭಾಳ ಮಾತು ಕಲಿಸೇತಿ ಬಿಡು,” ಎಂದು ಅಪ್ಪ ನಕ್ಕರು.

“ಮಿರಜ್ ನೀರು ಕುಡ್ಯಾಕ ಬಿಟ್ಟಿದ್ರ ಇನ್ನೂ ಕಲೀತಿದ್ದೆ.”

ಅಪ್ಪನ ನಗು ನಿಂತಿತು. ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕೂತೆ.

ದ್ರಾಕ್ಷಿ ತೋಟಗಳನ್ನು ದಾಟಿದೆವು. ಗಾಳಿ ಬಿಸಿಯಾಗಿತ್ತು. ನಾನು ಅವರ ಕಿವಿಯ ಹತ್ತಿರ ಬಾಗಿ, “ಅಪ್ಪಾ, ನಾಳೆ ಸೋಮವಾರ. ಕೀಲಿ ಕೊಡತೀರೇನು?” ಎಂದೆ.

“ನೋಡೂಣು.”

“ಅದು ಬ್ಯಾಡ್ರಿ. ಕೊಡತೀನಿ ಅನ್ರಿ, ಇಲ್ಲ ಕೊಡಂಗಿಲ್ಲ ಅನ್ರಿ.”

ಅವರು ಬೈಕಿನ ವೇಗ ಇಳಿಸಿದರು. ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ರಸ್ತೆಯ ಬದಿಗೆ ನಿಂತರು. ಅಲ್ಲಿಯೇ ಒಂದು ಚಹಾದ ಅಂಗಡಿ ಇತ್ತು. ಇಳಿದು, ಎರಡು ಚಹಾ ಹೇಳಿ, ನನ್ನ ಕಡೆ ನೋಡದೆ ಅಂದರು:

“ಕೊಡಂಗಿಲ್ಲ.”

“ಯಾಕ್ರಿ?”

“ಯಾಕಂದ್ರ...” ಅವರು ಬಹಳ ಹೊತ್ತು ಹುಡುಕಿದರು. “ನನಗ ಹೇಳಾಕ ಬರವಲ್ದು. ಅಷ್ಟು ದೂರ ನೀ ಒಬ್ಬಾಕಿ ಇದ್ರ ನನಗ ಇಲ್ಲಿ ನಿದ್ದಿ ಬರಂಗಿಲ್ಲ. ಬ್ಯಾರೆ ಕಾರಣ ಇಲ್ಲ.”

ನಾನು ಅಳುತ್ತೇನೆಂದು ಅವರು ಕಾಯುತ್ತಿದ್ದರೆಂದು ಕಾಣುತ್ತದೆ. ಅಳು ಬರಲಿಲ್ಲ. ವಾರಗಟ್ಟಲೆ ಕತ್ತಲಲ್ಲಿ ಕೈಯಾಡಿಸಿದವಳಿಗೆ ಗೋಡೆ ಮುಟ್ಟಿದಂತಾಗಿತ್ತು. ಗೋಡೆ ಗಟ್ಟಿಯಾಗಿಯೇ ಇತ್ತು, ಆದರೆ ಎಲ್ಲಿದೆಯೆಂದು ಈಗ ಗೊತ್ತಾಗಿತ್ತು.

“ಮುಂದಿನ ವರ್ಷ ಮತ್ತ ಅರ್ಜಿ ಹಾಕತೀನಿ,” ಎಂದೆ. “ಅವಾಗೂ ಹಿಂಗ ಕೇಳತೀನ್ರಿ. ನಿಮ್ಮ ನಿದ್ದಿ ಬಗ್ಗೆನೂ ಕೇಳತೀನಿ.”

ಅಪ್ಪ ಚಹಾವನ್ನು ಬಶಿಗೆ ಸುರಿದು, ಊದಿ, ಕುಡಿದರು. ಮತ್ತೊಮ್ಮೆ ಸುರಿದರು.

“ಕೇಳು,” ಎಂದರು.