ಬೆನ್ನು ತೋರಿಸಿ ಕೂರುತ್ತಿದ್ದ ರುದ್ರಕ್ಕ

"ಒದರು ಲೇ, ಒದರು. ಇಲ್ಲಿ ನಿನ್ನ ನೋಡಾಕ ಕನ್ಯಾದವರು ಯಾರೂ ಬಂದಿಲ್ಲ."

ದನಿ ಬಂದದ್ದು ತಲೆಯ ಹಿಂದಿನಿಂದ. ಎರಡು ಕೈ ನನ್ನ ಹೆಗಲನ್ನು ಮಂಚಕ್ಕೆ ಒತ್ತಿ ಹಿಡಿದಿದ್ದವು. ಕಾಲ ಕಡೆ ಡಾಕ್ಟರು ಇಕ್ಕಳ ಹಾಕಿ ಮೀನಖಂಡದೊಳಗಿನ ಕಬ್ಬಿಣದ ಚೂರು ಎಳೆಯುತ್ತಿದ್ದರು. ಮಂಪರಿನ ಮದ್ದು ಸಾಕಾಗಿರಲಿಲ್ಲ. ನಾನು ಒದರಿದೆ. ಹೆಗಲ ಮೇಲಿನ ಕೈ ಸಡಿಲಾಗಲಿಲ್ಲ. ಚೂರು ಟಣ್ ಎಂದು ತಟ್ಟೆಗೆ ಬಿತ್ತು.

"ಆತು ಬಿಡು. ಇಷ್ಟಕ್ಕ ಇಡೀ ಕೌಲ್ ಬಜಾರ್ ಎಬ್ಬಿಸಿದಿ."

ಕತ್ತು ತಿರುಗಿಸಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಅವಳು ರುದ್ರಕ್ಕ. ಬಳ್ಳಾರಿಯ ಕೌಲ್ ಬಜಾರಿನ ಆಚೆ ಬಯಲಿನಲ್ಲಿ ಯುದ್ಧದ ಗಾಯಾಳುಗಳಿಗಾಗಿ ಹಾಕಿದ್ದ ಡೇರೆ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದ ನರ್ಸು. ನಾನು ಕೊಳಗಲ್ಲಿನವನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಲಾರಿ ಕಲಿತೆ. ಸೈನ್ಯದ ಲಾರಿ ಓಡಿಸುವಾಗ ಬರ್ಮಾ ಗಡಿಯಲ್ಲಿ ಬಾಂಬಿನ ಚೂರುಗಳು ಕಾಲಿಗೆ ಹೊಕ್ಕವು. ಎರಡು ಆಸ್ಪತ್ರೆಗಳಲ್ಲಿ ತೆಗೆದು ಉಳಿದ ಚೂರು ನನ್ನ ಜೊತೆಗೇ ಬಳ್ಳಾರಿಗೆ ಬಂದಿತ್ತು.

ರುದ್ರಕ್ಕ ತಾನಾಗಿ ಯಾರ ಎದುರಿಗೂ ಬರುತ್ತಿರಲಿಲ್ಲ. ನೀರು ಕುಡಿಸುವುದಾದರೆ ತಲೆಯ ಕಡೆಯಿಂದ ಕೈ ಚಾಚುತ್ತಿದ್ದಳು. ಕಾಲಿನ ಗಾಯ ತೊಳೆಯುವುದಾದರೆ ಸ್ಟೂಲು ಎಳೆದುಕೊಂಡು ನಮ್ಮ ಮುಖಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ನಮಗೆ ಗೊತ್ತಿದ್ದದ್ದು ಅವಳ ಬೆನ್ನು. ಬಿಳಿ ಸೀರೆ, ಎಡಗಡೆ ತೇಪೆ ಹಾಕಿದ ಕುಪ್ಪಸ, ಬಿಗಿದು ಕಟ್ಟಿದ ತುರುಬು. ಮೊದಲ ವಾರ ನಾನು ಸೊಕ್ಕು ಎಂದುಕೊಂಡಿದ್ದೆ.

ಪಕ್ಕದ ಮಂಚದ ಖಾದರ್ ಹೇಳಿದ. ಅವನು ಕೌಲ್ ಬಜಾರಿನವನೇ, ಕೈ ಮುರಿದ ಸಿಪಾಯಿ.

"ಸೊಕ್ಕಲ್ಲೋ ಮಾರಾಯ. ಆಪರೇಶನ್ ದಿನ ಮುಂಜಾನೆ ಒಬ್ಬ ಈಕಿ ಮಾರಿ ನೋಡಿದ. ಸಂಜಿಗೆ ಸತ್ತ. ಗಂಡ ಇಲ್ಲದ ರಂಡಿ ಮಾರಿ ನೋಡಿ ಸತ್ತ ಅಂತ ಡೇರೆ ತುಂಬ ಗುಲ್ಲು. ಮರುದಿನ ನಾಕು ಮಂದಿ ಈಕೀನ್ನ ಕಂಡು ಮಾರಿ ಮುಚ್ಚಿಕೊಂಡರು."

"ಆಮ್ಯಾಲ?"

"ಆಮ್ಯಾಲೇನು. 'ಮಾರಿ ಬ್ಯಾಡಂದ್ರ ಬ್ಯಾಡ್ರಿ. ಕೈ ಬೇಕಲ್ಲ, ಕೈ ತಗೋರಿ' ಅಂದಳು. ಅವತ್ತಿಂದ ಹಿಂಗ. ನಾ ಮಾತ್ರ ದಿನಾ ಕರೆದು ಆಕಿ ಮಾರಿ ನೋಡ್ತೀನಿ. ನೋಡು, ನನ್ನ ಕೈ ಕೂಡಾಕತ್ತೈತಿ."

ಅವನು ನಕ್ಕ. ನಾನು ನಗಲಿಲ್ಲ. ಅವಳು ಹಾಗೆ ಕೂರುವುದೇ ಸರಿ ಎಂದು ನನಗೂ ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

ಕೆಲಸದಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ. ಬಿಚ್ಚಿದ ಬಟ್ಟೆಪಟ್ಟಿಗಳನ್ನು ಹಂಡೆಯಲ್ಲಿ ಕುದಿಸಿ, ಡೇರೆಯ ಹಗ್ಗಕ್ಕೆ ಒಣಹಾಕಿ, ಮಧ್ಯಾಹ್ನ ಕೂತು ಮೊಣಕಾಲ ಮೇಲೆ ಸುತ್ತಿ ಸುತ್ತಿ ಉಂಡೆ ಮಾಡುತ್ತಿದ್ದಳು. ಗಾಯ ಬಿಚ್ಚಿದರೆ ಮೊದಲು ಬಗ್ಗಿ ಮೂಸುತ್ತಿದ್ದಳು. ನನಗೆ ಹೇಸಿಗೆಯಾಗುತ್ತಿತ್ತು.

"ನಾಯಿ ಹಂಗ ಮೂಸಬ್ಯಾಡ ಅಕ್ಕಾ."

"ನಾಯಿಗೆ ತಿಳೀತೈತಿ, ನಿನಗ ತಿಳಿಯಂಗಿಲ್ಲ. ಸುಮ್ಮನ ಬಿದ್ಕೋ."

ಒಂದು ಮಧ್ಯಾಹ್ನ ಪಟ್ಟಿ ಸುತ್ತುತ್ತ ಬೆನ್ನು ಹಾಕಿಕೊಂಡೇ ಕಾರಣ ಹೇಳಿದಳು. ತವರು ಕುರುಗೋಡು, ಕೊಟ್ಟದ್ದು ಸಿರುಗುಪ್ಪಕ್ಕೆ. ಭತ್ತ ಕೊಯ್ಯುವಾಗ ಗಂಡನ ಪಾದಕ್ಕೆ ಕುಡುಗೋಲು ಬಡಿಯಿತು. ಅತ್ತೆ ಸೊಪ್ಪು ಅರೆದು ಕಟ್ಟಿ, ಒಂಬತ್ತು ದಿನ ಬಿಚ್ಚಬಾರದು ಎಂದಳು.

"ಐದನೇ ದಿನಕ್ಕ ವಾಸನಿ ಬಂತು. ಬಿಚ್ತೀನಿ ಅಂದೆ. ನೀ ಯಾವಾಕಿ ಹೇಳಾಕ ಅಂದರು. ನನಗ ಆಗ ಹತ್ತೊಂಬತ್ತು. ಸುಮ್ಮನಾದೆ. ಎಂಟನೇ ದಿನಕ್ಕ ಹೋದ." ಇನ್ನೊಂದು ಪಟ್ಟಿ ಸುತ್ತಿ ಮುಗಿಸಿದಳು. "ಕಟ್ಟಿದ್ದನ್ನ ದಿನಾ ಬಿಚ್ಚಬೇಕು. ನನಗ ಗೊತ್ತಿರೋದು ಇಷ್ಟ."

ಅವಳಿಗೆ ಒಂದೇ ಆಸೆ ಇತ್ತು. ಯುದ್ಧ ಮುಗಿದರೆ ಡೇರೆ ಕಿತ್ತುಹೋಗುತ್ತದೆ. ಆಮೇಲೆ ಅಣ್ಣನ ಮನೆಯ ಒಲೆ. ಅದು ಬೇಡವಾಗಿತ್ತು ಅವಳಿಗೆ. ಮದ್ರಾಸಿನಲ್ಲಿ ನರ್ಸಿಂಗ್ ಕಲಿತರೆ ಖಾಯಂ ನೌಕರಿ. ನಮ್ಮ ಡಾಕ್ಟರು, ಕರ್ನೂಲಿನ ಕಡೆಯ ತೆಲುಗಿನವರು, ಶಿಫಾರಸು ಕಾಗದ ಬರೆದುಕೊಡುತ್ತೇನೆ ಎಂದಿದ್ದರು. ಆ ಕಾಗದದ ಮಾತು ಬಂದರೆ ಅವಳ ಬೆನ್ನೂ ನೆಟ್ಟಗಾಗುತ್ತಿತ್ತು.

ನನ್ನ ಗಾಯ ಮೇಲೆ ಒಣಗುತ್ತ ಬಂದಿತ್ತು, ಒಳಗೆ ಇನ್ನೂ ಕೀವಿತ್ತು. ಆಗ ಅವ್ವ ನೋಡಲು ಬಂದಳು. ಬೋಳು ಹಣೆಯ ಹೆಂಗಸು ಮಗನ ಕಾಲು ತೊಡೆಯ ಮೇಲಿಟ್ಟುಕೊಂಡು ಕೂತದ್ದನ್ನು ಕಂಡಳು. ರುದ್ರಕ್ಕ ಎದ್ದುಹೋಗುವ ತನಕ ಬಾಯಿ ಬಿಡಲಿಲ್ಲ.

"ಅಮಾಸಿ ಮುಂದ ಐತಪ. ಅದು ಕಳಿಯೋತನಕ ಆಕಿ ಕೈ ಹಚ್ಚಬಾರದು. ಗಂಡನ್ನ ನುಂಗಿದ ಕೈ ಅದು."

ಅಮಾವಾಸ್ಯೆಗೆ ಮೂರು ದಿನ ಇತ್ತು. ನಾನು ರುದ್ರಕ್ಕನಿಗೆ ನೇರವಾಗಿಯೇ ಹೇಳಿದೆ.

"ಅಮಾಸಿ ಮುಗಿಯೋತನಕ ನನ್ನ ಕಡಿ ಬರಬ್ಯಾಡ. ಹಿಂದಿನಿಂದನೂ ಬ್ಯಾಡ."

"ಕಟ್ಟು ಬಿಚ್ಚೋರು ಯಾರು?"

"ವಾರ್ಡಿನ ಆಳು ಬಿಚ್ತಾನ."

"ಅವನಿಗೆ ಅರವತ್ತು ಮಂಚ ಅದಾವು."

"ನನಗ ಗೊತ್ತಿಲ್ಲ. ನೀ ಬ್ಯಾಡ."

ಅವಳು ಆಳಿಗೆ ಹೇಳಿ ಹೋದಳು. ಆಳು ಹೂಂ ಅಂದ, ಮರೆತ. ಡಾಕ್ಟರು ಗಾಯಾಳುಗಳ ರೈಲು ಬರುತ್ತದೆಂದು ಗುಂತಕಲ್ಲಿಗೆ ಹೋಗಿದ್ದರು. ಎರಡನೇ ದಿನ ಅವಳು ಡೇರೆಯ ಬಾಗಿಲಲ್ಲೇ ನಿಂತು ಕೇಳಿದಳು.

"ಹನುಮಾ, ಇಲ್ಲಿಗೇ ವಾಸನಿ ಬರಾಕತ್ತೈತಿ. ಒಮ್ಮೆ ಬಿಚ್ಚಲೇನು? ಕಣ್ಣು ಮುಚ್ಕೋ, ನನ್ನ ನೋಡಬ್ಯಾಡ."

ನಾನು ಹಿತ್ತಾಳೆ ಲೋಟ ಎತ್ತಿ ಒಗೆದೆ. ಅವಳ ಮೊಣಕೈಗೆ ತಾಗಿತು. ಮೊಣಕೈ ಹಿಡಿದುಕೊಂಡು ಹೊರಟುಹೋದಳು. ಖಾದರ್ ನನ್ನ ಕಡೆ ಬೆನ್ನು ತಿರುಗಿಸಿ ಮಲಗಿದ.

ಮೂರನೇ ದಿನ, ಅಮಾವಾಸ್ಯೆ. ಜ್ವರದಲ್ಲಿ ನಾನು ಏನೇನೋ ಬಡಬಡಿಸುತ್ತಿದ್ದೆ. ರುದ್ರಕ್ಕ ಎದುರಿನಿಂದಲೇ ನಡೆದು ಬಂದಳು. ಡೇರೆಯಲ್ಲಿ ನಾನು ಅವಳ ಮುಖ ನೋಡಿದ್ದು ಅವತ್ತೇ. ಸಣ್ಣ ಮುಖ. ಬಲಗೆನ್ನೆಯಲ್ಲಿ ಸಿಡುಬಿನ ಕಲೆ. ನನಗಿಂತ ಆರೇಳು ವರ್ಷ ದೊಡ್ಡವಳು, ಅಷ್ಟೇ. ಕತ್ತರಿ ಹಾಕಿ ಕಟ್ಟು ಬಿಡಿಸಿದಳು. ಈ ಸಲ ಮೂಸಲಿಲ್ಲ. ಮೂಸುವ ಅಗತ್ಯವೇ ಇರಲಿಲ್ಲ. ಕಾಲು ಕಪ್ಪಾಗಿತ್ತು.

ಸಂಜೆ ಡಾಕ್ಟರು ಬಂದು ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮರುದಿನ ಅವರು ನನ್ನ ಮಂಚದ ಹತ್ತಿರ ಬಂದು, ಈ ಕಾಲು ನೋಡುವವರು ಯಾರು, ಮೂರು ದಿನ ಯಾಕೆ ಬಿಚ್ಚಲಿಲ್ಲ ಎಂದು ಕೇಳಿದರು. ಮಂಚಕ್ಕೆ ಕಟ್ಟಿದ ಚೀಟಿಯಲ್ಲಿ ರುದ್ರಕ್ಕನ ಹೆಸರಿತ್ತು. ಮದ್ದು ಬೇಡವೆಂದ ಸಿಪಾಯಿಗೆ ಪಿಂಚಣಿ ಇಲ್ಲ ಎಂದು ಡೇರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

"ನೇನೇನಂಡಿ. ಮರಚಿಪೋಯಾನು," ಎಂದಳು. ನಾನೇ, ಮರೆತುಬಿಟ್ಟೆ ಎಂದಳು. ದಿನಾ ಬಿಚ್ಚಬೇಕು ಎನ್ನುವುದೊಂದೇ ಗೊತ್ತು ಎಂದಿದ್ದವಳು.

ಡಾಕ್ಟರು ಅವಳನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ನಾಳೆಯಿಂದ ಬಟ್ಟೆ ಕುದಿಸುವುದನ್ನಷ್ಟೇ ನೋಡಿಕೋ ಎಂದರು. ನನಗೆ ಎಚ್ಚರವಿತ್ತು. ಎಲ್ಲವೂ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ. ಖಾದರ್ ಏನೋ ಹೇಳಲು ಎದ್ದ. ಅವಳು ಕಣ್ಣಿನಲ್ಲೇ ಅವನನ್ನು ಕೂರಿಸಿದಳು.

ಯುದ್ಧ ಮುಗಿಯಿತು. ಡೇರೆ ಕಿತ್ತರು. ಶಿಫಾರಸು ಕಾಗದ ಅವಳಿಗೆ ಸಿಗಲಿಲ್ಲ. ಅಣ್ಣ ಬಂದು ಕುರುಗೋಡಿಗೆ ಕರೆದುಕೊಂಡು ಹೋದ ಎಂದು ಖಾದರ್ ಹೇಳಿದ. ಅದರ ಮೇಲೆ ಅವನೂ ನನ್ನ ಹತ್ತಿರ ಮಾತು ಬಿಟ್ಟ.

ಆರು ವರ್ಷದ ಮೇಲೆ, ಅವ್ವ ತೀರಿಕೊಂಡ ಮೇಲೆ, ನಾನು ಡಾಕ್ಟರನ್ನು ಹುಡುಕಿದೆ. ಬ್ರೂಸ್‌ಪೇಟೆಯಲ್ಲಿ ಅಂಗಡಿಯೊಂದರ ಮಾಳಿಗೆಯ ಮೇಲೆ ದವಾಖಾನೆ ಇಟ್ಟಿದ್ದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಈ ಮಾತು ಆವತ್ತೇ ಚೆಪ್ಪಬೇಕಾಗಿತ್ತಪ್ಪಾ," ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿ, ರುದ್ರಕ್ಕನ ಶಿಫಾರಸು ಕಾಗದ ಬರೆದುಕೊಟ್ಟರು.

ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ರುದ್ರಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಮರದ ಕಾಲಿನಿಂದ ಗುರುತು ಹಿಡಿದಳು. ಕಾಗದ ಕೊಟ್ಟೆ. ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು, ಎರಡು ಸಲ ಓದಿದಳು.

"ವಯಸ್ಸು ಮೀರೇತಿ. ಮೂವತ್ತು ದಾಟಿದವರನ್ನ ತಗೊಳ್ಳಂಗಿಲ್ಲಂತ. ಹೋದ ವರ್ಷ ಕೇಳಿಸಿದ್ದೆ."

"ತಪ್ಪಾತಕ್ಕಾ."

"ಹೂಂ."

"ನನ್ನ ಮ್ಯಾಲ ಸಿಟ್ಟೈತೇನು?"

"ಐತಿ." ಕಾಗದ ಮಡಿಸಿ ನನ್ನ ಕೈಗೆ ಕೊಟ್ಟಳು. "ಕಾಲಿನ ಸಿಟ್ಟಲ್ಲ. ಲೋಟದ್ದೂ ಅಲ್ಲ. ಡಾಕ್ಟರು ಕೇಳಿದಾಗ ನೀ ಕಣ್ಣು ತೆರದು ಮಲಗಿದ್ದಿ, ನಾ ನೋಡೀನಿ. ನಿನ್ನ ಪಿಂಚಣಿ ಉಳೀಲಿ ಅಂತ ನಾನೇ ಒಪ್ಪಿಕೊಂಡೆ. ಅದು ನನ್ನ ಇಚ್ಛೆ. ನೀ ಒಂದು ಸಲ, ಆಕಿ ಅಲ್ಲರೀ ಅಂದಿದ್ರ ಸಾಕಿತ್ತು. ನಾನೇ ನಿನ್ನ ಬಾಯಿ ಮುಚ್ಚಿಸ್ತಿದ್ದೆ. ನೀ ಬಾಯಿನೇ ತೆಗೀಲಿಲ್ಲ."

ಕಾಗದವನ್ನು ಅಂಗಿಯ ಜೇಬಿಗೆ ಇಟ್ಟುಕೊಂಡೆ.

"ಬಸ್ಸಿಗೆ ಇನ್ನೂ ಹೊತ್ತೈತಿ. ರೊಟ್ಟಿ ಮಾಡೀನಿ, ಉಂಡು ಹೋಗು," ಎಂದಳು. ಉಂಡೆ. ಅವಳು ಎದುರಿಗೇ ಕೂತು ಬಡಿಸಿದಳು.

ಹೋದ ಬೇಸಿಗೆಯಲ್ಲಿ ಕುರುಗೋಡಿನ ಗಾಡಿಯವನೊಬ್ಬ ಸಿಕ್ಕಿದ್ದ. ರುದ್ರಕ್ಕ ಸತ್ತು ನಾಲ್ಕು ತಿಂಗಳಾಯಿತು ಎಂದ. ಏನಾಗಿತ್ತು ಎಂದು ಕೇಳಿದೆ. ಜ್ವರವಂತೆ, ಹದಿನೈದು ದಿನ ಮಲಗಿದ್ದಳಂತೆ. ಬಳ್ಳಾರಿ ಆಸ್ಪತ್ರೆಗೆ ಕರೆತಂದಿರಲಿಲ್ಲವೇ ಎಂದೆ. ಯಾರೂ ಕರೆತಂದಿರಲಿಲ್ಲವಂತೆ.

ಇಷ್ಟೇ.