ಬಾರ್ತೊಶ್ ಕಡಿದ ಎರಡು ಶಿಲುಬೆಗಳು

ಲಿಪೊವ ಎಂಬ ಹಳ್ಳಿಯ ಬಾರ್ತೊಶ್ ಕಲ್ಲುಕುಟಿಗನಲ್ಲ, ಉಳುವವನು. ಆದರೂ ಜೀವಮಾನದಲ್ಲಿ ಎರಡು ಕಲ್ಲಿನ ಶಿಲುಬೆ ಕಡಿದ. ಮೊದಲನೆಯದನ್ನು ಊರ ಹಿರಿಯರು ಕಡಿಸಿದರು. ಎರಡನೆಯದನ್ನು ಒಬ್ಬ ಮುದುಕಿ ಕಡಿಸಿದಳು.

ಅವನಿಗೂ ಪಕ್ಕದ ಮನೆಯ ಮಿಕೆಶನಿಗೂ ಇದ್ದದ್ದು ಒಂದೊಂದೇ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಹನ್ನೆರಡು ವರ್ಷ ಇಬ್ಬರ ಹೊಲವನ್ನೂ ಉತ್ತಿದ್ದರು. ಆ ವರ್ಷ ಚಳಿಗಾಲ ಕಳೆದ ಮೇಲೂ ಮಳೆ ಬಿಡದೆ ಹಿಡಿಯಿತು. ಕೊನೆಗೆ ನೆಲ ಹದಕ್ಕೆ ಬಂದಾಗ ಯಾರ ಹೊಲ ಮೊದಲು ಎಂದು ಮಾತಿಗೆ ಮಾತು ಬೆಳೆಯಿತು. ಬಾರ್ತೊಶನ ಹೊಲದ ನಟ್ಟನಡುವೆ, ಅರ್ಧ ಉಳುಮೆಯಲ್ಲಿ, ಮಿಕೆಶ್ ತನ್ನ ಎತ್ತನ್ನು ಬಿಚ್ಚಿಕೊಳ್ಳಲು ಹೋದ. ನೇಗಿಲಿಗೆ ಮೆತ್ತಿದ ಮಣ್ಣು ಕೆರೆಯುವ ಕಬ್ಬಿಣದ ತುದಿಯ ಕೋಲು ಬಾರ್ತೊಶನ ಕೈಯಲ್ಲಿತ್ತು. ಬೀಸಿದ. ಒಂದೇ ಏಟು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಗೆಳೆಯನನ್ನು ಹೆಗಲಿಗೆ ಹಾಕಿಕೊಂಡು ದಾರಿಯವರೆಗೆ ಓಡಿದ, ಅಷ್ಟರಲ್ಲಿ ಜೀವ ಹೋಗಿತ್ತು. ಜನ ಬಂದಾಗ ಅವನು ದಾರಿಬದಿಯಲ್ಲಿ ಹೆಣ ತಬ್ಬಿಕೊಂಡು ಅಳುತ್ತಿದ್ದ.

ಒಂದು ಕೊಲೆಯ ಹಿಂದೆ ಇನ್ನೊಂದು ಆಗಬಾರದೆಂದು ನಮ್ಮಲ್ಲಿ ರಾಜಿ ಮಾಡಿಸುತ್ತಾರೆ. ಪಾದ್ರಿಯೂ ಹಿರಿಯರೂ ಕೂತು ತೀರ್ಮಾನ ಹೇಳಿದರು. ಸತ್ತವನ ಹೆಸರಲ್ಲಿ ಮೂವತ್ತು ಪೂಜೆ, ಚರ್ಚಿನ ಬತ್ತಿಗಳಿಗೆ ಮೇಣ, ದೂರದ ಪುಣ್ಯಕ್ಷೇತ್ರ ಆಖೆನ್‌ಗೆ ಬರಿಗಾಲಲ್ಲಿ ಯಾತ್ರೆ. ಕೊನೆಯದಾಗಿ, ಕೊಂದವನೇ ಸ್ವಂತ ಕೈಯಿಂದ ಶಿಲುಬೆ ಕಡಿಯಬೇಕು, ಅದರ ಮೇಲೆ ಕೊಂದ ಆಯುಧ ಕೆತ್ತಬೇಕು, ಏಟು ತಿಂದವನು ಬಿದ್ದ ಜಾಗದಲ್ಲೇ ನೆಡಬೇಕು. ಅಲ್ಲಿ ನಿಂತು ಸತ್ತವನ ತಾಯಿ ಮಂದ್ಲೇನಾ ಕ್ಷಮೆಯ ಗುರುತಾಗಿ ಕೊಂದವನ ಕೈ ಹಿಡಿಯಬೇಕು. ಆ ಕೈ ಸಿಗದಿದ್ದರೆ ಮಿಕೆಶನ ತಮ್ಮಂದಿರ ಕೊಡಲಿ ಇದ್ದೇ ಇತ್ತು.

ಬಾರ್ತೊಶ್ ಯಾತ್ರೆ ಮುಗಿಸಿ ಬಂದು, ಬೆರಳು ಜಜ್ಜಿಕೊಂಡು ಕಲ್ಲು ಕಡಿದ. ನೆಡುವ ಹಿಂದಿನ ದಿನ ಹೆಂಡತಿ ಬಟಾಣಿ ಗಂಜಿ ಬಡಿಸುತ್ತಾ ಕೇಳಿದಳು.

"ಎಲ್ಲಿ ನೆಡ್ತೀಯ?"

"ಬಿದ್ದ ಜಾಗದಲ್ಲಿ. ಇನ್ನೆಲ್ಲಿ?"

"ನಿಂಗೆ ತಲೆ ಕೆಟ್ಟಿದ್ಯಾ? ಹೊಲದ ಮಧ್ಯೆ ಶಿಲುಬೆ ನಿಂತ್ರೆ ಸುತ್ತ ಉಳೋ ಹಾಗಿಲ್ಲ. ಅವರ ಮನೆಯೋರಿಗೆ ದಾರಿ ಬೇರೆ ಬಿಡ್ಬೇಕು. ಇರೋ ಒಂದೇ ಒಳ್ಳೇ ಮಣ್ಣು ಅದು. ಜನ ನೋಡಿದ್ದು ದಾರಿ ಹತ್ರ ತಾನೆ? ಅಲ್ಲೇ ನೆಡು, ಸುಮ್ನಿರು."

ಅವನು ಸುಮ್ಮನಿದ್ದ. ಅವನ ಎರಡನೇ ಪಾಪ ಅದೇ, ನನ್ನನ್ನು ಕೇಳಿದರೆ ಮೊದಲನೆಯದಕ್ಕಿಂತ ಹೊಲಸು. ಮೊದಲನೆಯದನ್ನು ಸಿಟ್ಟು ಮಾಡಿಸಿತು, ಇದನ್ನು ಅವನು ಊಟ ಮಾಡುತ್ತಾ ಮಾಡಿದ.

ಮರುದಿನ ದಾರಿಬದಿಯಲ್ಲಿ ಮಂದ್ಲೇನಾ ಕೇಳಿದಳು. "ಇಲ್ಲೇ ಬಿದ್ದನಾ ನನ್ನ ಮಗ?"

"ಇಲ್ಲೇ, ಅಮ್ಮ."

ಅವಳು ಕೈ ಕೊಟ್ಟಳು. ಒಣಗಿದ ಕೈ, ಆದರೆ ಬಿಸಿಯಾಗಿತ್ತು. ಆ ಬಿಸಿ ತನ್ನದಲ್ಲವೆಂದು ಅವನಿಗೆ ಆಗಲೇ ಗೊತ್ತಿತ್ತು.

ಏಳು ವರ್ಷ ಪ್ರತಿ ಶನಿವಾರ ಮುದುಕಿ ಬಂದು ಶಿಲುಬೆಯ ಬುಡಕ್ಕೆ ಒಂದು ತುಂಡು ರೈ ರೊಟ್ಟಿ ಇಟ್ಟು, ಬಗ್ಗಿ ನೆಲಕ್ಕೆ ಮುತ್ತು ಕೊಟ್ಟು ಹೋದಳು. ಬಾರ್ತೊಶ್ ಹೊಲದಿಂದ ನೋಡುತ್ತಿದ್ದ. ಅವನ ನೇಗಿಲು ಮಾತ್ರ ಹೊಲದ ನಡುವೆ ಮಿಕೆಶ್ ನಿಜವಾಗಿ ಬಿದ್ದ ಜಾಗಕ್ಕೆ ಬಂದಾಗ ತಾನಾಗಿ ಮೇಲೆದ್ದು, ಎರಡು ಹೆಜ್ಜೆ ದಾಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಉಳಲು ಕೈಯೇ ಬರುತ್ತಿರಲಿಲ್ಲ. ಅಲ್ಲಿ ಮುಳ್ಳುಗಿಡ ಬೆಳೆದು ನಿಂತಿತು.

ಎಂಟನೇ ವರ್ಷ ಬಿತ್ತನೆಗೆ ಮುಂಚೆ ಮುದುಕಿ ದಾರಿಬದಿಯಿಂದ ನೆಟ್ಟಗೆ ಹೊಲದೊಳಕ್ಕೆ ನಡೆದು ಬಂದಳು.

"ಏನಯ್ಯಾ ಬಾರ್ತೊಶ್, ಇಲ್ಲೇನು ಬಂಡೆ ಇದ್ಯಾ?"

"ಇಲ್ಲಮ್ಮ."

"ಮತ್ಯಾಕೆ ನೇಗಿಲು ಎತ್ತಿಬಿಡ್ತೀಯಾ? ಮೂರು ವರ್ಷದಿಂದ ನೋಡ್ತಿದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಿನ್ನ ನಾನು ಕಳ್ಳ ಅಂತಾನೂ ಅಂದಿರ್ಲಿಲ್ಲ."

ಅವನು ಮೊಣಕಾಲೂರಿದ. ಎಲ್ಲವನ್ನೂ ಹೇಳಿದ. ಮುದುಕಿ ಅಳಲಿಲ್ಲ.

"ಹಂಗಾದ್ರೆ ಏಳು ವರ್ಷ ನಾನು ದಾರಿ ಧೂಳಿಗೆ ಮುತ್ತು ಕೊಟ್ಟೆ" ಎಂದಳು. "ಕತ್ತೆ ಉಚ್ಚೆ ಹೊಯ್ಯೋ ಜಾಗಕ್ಕೆ."

"ಅಮ್ಮ, ನೀವು ಕೊಟ್ಟ ಕೈ..."

"ಅದು ಸುಳ್ಳಿಗೆ ಕೊಟ್ಟ ಕೈ. ವಾಪಸ್ ತಗೊಂಡೆ. ಇನ್ನೊಂದು ಕಡಿ. ಇಲ್ಲಿ ನೆಡು. ಆಮೇಲೆ ನೋಡೋಣ."

ಅದೇ ಬೇಸಿಗೆಯಲ್ಲಿ ಶುರು ಮಾಡಿದ. ಅವನಿಗೆ ಆಗ ಕೊಡಲಿಯ ಭಯ ಇರಲಿಲ್ಲ, ಆ ಕೈ ಬೇಕಿತ್ತು. ಈ ಸಲ ನಿಜವಾಗಿ ಬೇಕಿತ್ತು. ಇದಕ್ಕೆಂದು ತಂದ ಮೊದಲ ಕಲ್ಲು ಶಿಲುಬೆಯ ತೋಳಿನ ಹತ್ತಿರ ಒಡೆಯಿತು, ಇನ್ನೊಂದನ್ನು ಎಳೆದು ತಂದ. ಚೂರು ಹಾರಿ ಎಡಗಣ್ಣು ಹೋಯಿತು. "ಇನ್ನೊಂದು ಕಣ್ಣೂ ಕೊಟ್ಬಿಡು ಆ ಮುದುಕಿಗೆ" ಎಂದು ಹೆಂಡತಿ ಚುಚ್ಚಿದಳು. ಅವನು ಉಳಿ ಕೆಳಗಿಡಲಿಲ್ಲ. ಹಿಮ ಬಿತ್ತು, ಕರಗಿತು. ಕೊನೆಗೆ ಮಣ್ಣು ಕೆರೆಯುವ ಕೋಲನ್ನು ಶಿಲುಬೆಯ ಮೇಲೆ ಕೆತ್ತಿ, ಹೊಲದ ನಡುವಿನ ಮುಳ್ಳು ಕಿತ್ತು, ಒಬ್ಬನೇ ನೆಟ್ಟ. ದಾರಿಯಿಂದ ಅಲ್ಲಿಯವರೆಗೆ ಕಾಲುದಾರಿ ಬಿಟ್ಟು, ಅದರ ತುದಿಗೆ ಬೇಲಿಯಲ್ಲಿ ಒಂದು ತಡಿಕೆ ಬಾಗಿಲನ್ನೂ ಇಟ್ಟ.

ಶನಿವಾರ ಮಂದ್ಲೇನಾ ಕೋಲೂರಿಕೊಂಡು ಆ ದಾರಿಯಲ್ಲಿ ಬಂದಳು. ಶಿಲುಬೆಯ ಕಡೆ ನೋಡಲೂ ಇಲ್ಲ. ಕೋಲು ಬಿಸಾಕಿ ನೆಲದ ಮೇಲೆ ಬೋರಲಾಗಿ ಮಲಗಿ, ಕೆನ್ನೆಯನ್ನು ಮಣ್ಣಿಗೊತ್ತಿದಳು. ಬಹಳ ಹೊತ್ತು ಹಾಗೇ ಇದ್ದಳು. ಬಾರ್ತೊಶ್ ಟೋಪಿ ಕಂಕುಳಲ್ಲಿ ಹಿಡಿದು ನಿಂತಿದ್ದ. ಅವಳು ಎದ್ದು ಕೂತಾಗ, ಗಂಟುಗಟ್ಟಿದ ಬಲಗೈ ಚಾಚಿದ.

ಮುದುಕಿ ಆ ಕೈಯನ್ನು ನೋಡಿದಳು, ಅವನ ಹೋದ ಕಣ್ಣನ್ನೂ ನೋಡಿದಳು.

"ಅವನ ತಮ್ಮಂದಿರಿಗೆ ಹೇಳಿದೀನಿ, ನಿನ್ನ ಮುಟ್ಟಬಾರ್ದು ಅಂತ. ಬದುಕ್ಕೋ."

"ಕೈ ಕೊಡಮ್ಮ."

ಅವಳ ಎರಡು ಮುಷ್ಟಿಯೂ ಬಿಗಿದಿದ್ದವು. ಬೆರಳ ಸಂದಿಯಿಂದ ಕರಿಮಣ್ಣು ಉದುರುತ್ತಿತ್ತು.

"ಎಲ್ಲಿಂದ ಕೊಡ್ಲಪ್ಪ?" ಎಂದಳು. "ಎರಡು ಕೈಲೂ ನನ್ನ ಮಗ ಇದಾನೆ."

ಕೋಲನ್ನು ಅಲ್ಲೇ ಬಿಟ್ಟು, ಬೇಲಿಯ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಹೋದಳು. ಬಾರ್ತೊಶ್ ಚಾಚಿದ ಕೈ ಹಾಗೇ ಇತ್ತು.